ಡೌಟ್‌ಫುಲ್ ಎಮ್ಮೆ

ಹಳ್ಳಿಯಲ್ಲಿ ಇಂಗ್ಲಿಷ್ ಕಲಿಸಿದವನಿಗೆ ನಿವೃತ್ತಿ ಎಂಬುದಿಲ್ಲ. ಗಣಿತದ ಮಾಸ್ತರ ನಿವೃತ್ತನಾದ ಮರುದಿನದಿಂದ ಯಾರೂ ಅವನ ಬಾಗಿಲಿಗೆ ಬಂದು ‘ಸರ, ಈ ತ್ರಿಕೋನ ಒಂದೀಟು ನೋಡ್ರಿ’ ಎನ್ನುವುದಿಲ್ಲ. ನನ್ನ ಗತಿ ಹಾಗಲ್ಲ. ಗುಳಿಗೆಯ ಚೀಟಿ, ಕಳೆಗೆ ಹೊಡೆಯುವ ಎಣ್ಣೆಯ ಡಬ್ಬಿ, ಮೊಬೈಲಿಗೆ ಬಂದ ಮೆಸೇಜು, ಹೊಸ ಮಿಕ್ಸರಿನ ಪೆಟ್ಟಿಗೆಯಲ್ಲಿ ಮಡಚಿಟ್ಟ ಕಾಗದ, ದೇವಿಕೊಪ್ಪದಲ್ಲಿ ಇಂಗ್ಲಿಷಿನಲ್ಲಿರುವುದೆಲ್ಲ ಕೊನೆಗೆ ನನ್ನ ಮನೆಯ ಕಟ್ಟೆಗೆ ಬಂದು ಕೂರುತ್ತದೆ. ನಾನು ಕನ್ನಡಕ ಏರಿಸುತ್ತೇನೆ, ಗಂಟಲು ಸರಿಮಾಡಿಕೊಳ್ಳುತ್ತೇನೆ, ಅರ್ಥ ಗೊತ್ತಿದ್ದರೆ ಗಟ್ಟಿಯಾಗಿ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಮೂವತ್ತೆರಡು ವರ್ಷ ಶಾಲೆಯಲ್ಲಿ ನಡೆದ ಈ ಪದ್ಧತಿ ಕಟ್ಟೆಯ ಮೇಲೂ ಚೆನ್ನಾಗಿಯೇ ನಡೆದಿತ್ತು. ಒಂದೇ ಒಂದು ಶಬ್ದ, ಅದೂ ನಾನು ದಿನಕ್ಕೆ ಹತ್ತು ಸಲ ಬಳಸುವ ಶಬ್ದ, ನನ್ನ ಬಂಡವಾಳವನ್ನು ಬಯಲಿಗೆ ತಂದಿತು. ತಂದವಳು ನನ್ನ ಹೆಂಡತಿ ಪಾರವ್ವ. ನಿಮಿತ್ತ, ಅವಳ ಎಮ್ಮೆ.

ಅವಳ ಎಮ್ಮೆ ಎಂದು ಬೇಕೆಂದೇ ಬರೆದೆ. ಹೊಲ ನನ್ನದು, ಮನೆ ನನ್ನದು, ದನದ ಮನೆಯ ಮೇಲಿನ ತಗಡೂ ನನ್ನದೇ. ಅದರ ಕೆಳಗೆ ನಿಂತ ನಿಂಗಿ ಮಾತ್ರ ಅವಳದು. ಮದುವೆಯಾಗಿ ಸಂಶಿಯಿಂದ ಬರುವಾಗ ಅವಳ ತವರಿನವರು ಒಂದು ಎಮ್ಮೆಗರು ಕೊಟ್ಟಿದ್ದರು. ಆ ಕರುವಿನ ಮಗಳ ಮಗಳ ಮಗಳು ಈ ನಿಂಗಿ. ಉಳಿದವೆಲ್ಲ ಯಾವ್ಯಾವುದೋ ಕಾರಣಕ್ಕೆ ಹೋಗಿ, ಆ ವಂಶದಲ್ಲಿ ಇದೊಂದೇ ಉಳಿದಿತ್ತು. ಪಾರವ್ವನಿಗೆ ಅದರ ವಂಶಾವಳಿ ಬಾಯಿಪಾಠ. ನನ್ನ ಮುತ್ತಜ್ಜನ ಹೆಸರು ಕೇಳಿದರೆ ಮಾತ್ರ ‘ಏನೋ ಇತ್ತಲ್ರಿ’ ಅನ್ನುತ್ತಾಳೆ.

ನಿಂಗಿಗೂ ನನಗೂ ಅಷ್ಟಕ್ಕಷ್ಟೆ. ಒಂದೂವರೆ ವರ್ಷದಿಂದ ಅದು ಹಾಲು ಕೊಟ್ಟಿರಲಿಲ್ಲ, ಗಬ್ಬವನ್ನೂ ಕಟ್ಟಿರಲಿಲ್ಲ. ನಾವು ಅದರ ಮುಂದೆ ಮೇವು ಹಾಕಿ, ಪ್ಯಾಕೆಟ್ ಹಾಲು ತಂದು ಚಹಾ ಕುಡಿಯುತ್ತಿದ್ದೆವು. ಅದು ಮೆಲುಕು ಹಾಕುತ್ತ ನನ್ನನ್ನು ನೋಡುವ ರೀತಿಯಲ್ಲಿ, ತಾನೂ ನಿವೃತ್ತಳಾಗಿದ್ದೇನೆ, ಇದರಲ್ಲಿ ಮುಚ್ಚಿಡುವುದೇನಿದೆ ಎಂಬ ಭಾವ ಇತ್ತು. ನಮ್ಮಿಬ್ಬರ ಮನಸ್ತಾಪಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ನಿವೃತ್ತ ಮಾಸ್ತರರ ಗುಂಪು ಉತ್ತರದ ಕಡೆ ಹದಿನೈದು ದಿನದ ಪ್ರವಾಸ ಹೊರಡುವುದಿತ್ತು. ಜೋಡಿಯಾಗಿ ಹೋಗಬೇಕೆಂದು ನನಗೆ ಬಹಳ ಆಸೆ. ಪ್ರವಾಸದ ಮಾತೆತ್ತಿದಾಗಲೆಲ್ಲ ಪಾರವ್ವ ಮೂರು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಳು, ‘ಎಮ್ಮಿ ಯಾರು ನೋಡ್ಕೋತಾರ?’ ಈ ಪ್ರಶ್ನೆಗೆ ಉತ್ತರ ಯಾವ ಗೈಡಿನಲ್ಲೂ ಇಲ್ಲ. ಕೊನೆಗೆ ಇಬ್ಬರೂ ಒಂದು ಕರಾರಿಗೆ ಬಂದೆವು. ಇನ್ನೊಂದು ಸಲ ಗಬ್ಬದ ಇಂಜೆಕ್ಷನ್ ಮಾಡಿಸುವುದು. ಕಟ್ಟಿದರೆ ಎಮ್ಮೆ ಉಳಿಯಿತು, ಪ್ರವಾಸ ಹೋಯಿತು. ಕಟ್ಟದಿದ್ದರೆ ಎಮ್ಮೆಯನ್ನು ಸಂತೆಗೆ ಕೊಡುವುದು. ಅವಳು ‘ಹೂಂ’ ಎನ್ನುವಾಗ ನನ್ನ ಮುಖ ನೋಡಲಿಲ್ಲ, ನಿಂಗಿಯ ಮುಖ ನೋಡಿದಳು.

ಇಂಜೆಕ್ಷನ್ ಆಗಿ ಐವತ್ತು ದಿನ ಕಳೆದ ಮೇಲೆ ಒಂದು ಶನಿವಾರ ದನದ ಡಾಕ್ಟರ್ ಬಂದರು. ಹೊಸ ಹುಡುಗ, ಗಡಿಬಿಡಿಯ ಮನುಷ್ಯ. ತೋಳುದ್ದದ ಪ್ಲಾಸ್ಟಿಕ್ ಚೀಲ ಕೈಗೆ ಏರಿಸಿ, ಯಾವ ಸಂಕೋಚವೂ ಇಲ್ಲದೆ ನಿಂಗಿಯ ಹಿಂದಿನಿಂದ ಕೈ ಹಾಕಿ, ಆಕಾಶ ನೋಡುತ್ತ ಏನನ್ನೋ ಹುಡುಕಿದರು. ಪಾರವ್ವ ನಿಂಗಿಯ ಮೂಗುದಾರ ಹಿಡಿದು ಉಸಿರು ಬಿಗಿಹಿಡಿದಿದ್ದಳು. ಡಾಕ್ಟರ್ ಕೈ ತೆಗೆದರು, ತೊಳೆದರು, ನಿಂಗಿಯ ಇಂಜೆಕ್ಷನ್ ಕಾರ್ಡಿನ ಮೇಲೆ ಏನೋ ಗೀಚಿದರು. ಅಷ್ಟರಲ್ಲಿ ಫೋನ್ ಬಂತು. ಯಾರದೋ ಆಕಳು ಈಯಲಾರದೆ ಒದ್ದಾಡುತ್ತಿತ್ತಂತೆ. ‘ಕಾರ್ಡಿನ್ಯಾಗ ಬರದೇನ್ರಿ ಸರ, ಒಂದ್ ತಿಂಗಳ ಬಿಟ್ಟು ಮತ್ತ ನೋಡೂಣು. ನೀವ ಇಂಗ್ಲಿಷ್ ಮಾಸ್ತರ ಅದೀರಿ, ಅಕ್ಕಾರಿಗೆ ಹೇಳ್ರಿ’ ಎನ್ನುತ್ತ ಗಾಡಿ ಏರಿ ಹೋಗಿಯೇಬಿಟ್ಟರು. ಕಾರ್ಡಿನ ಮೇಲೆ ಒಂದೇ ಶಬ್ದ ಇತ್ತು: ಡೌಟ್‌ಫುಲ್.

‘ಏನ ಬರದಾರ್ರೀ?’ ಎಂದಳು ಪಾರವ್ವ.

ನಾನು ಕನ್ನಡಕ ಏರಿಸಿ ಸರಿಯಾದ ಕನ್ನಡ ಶಬ್ದ ಹುಡುಕತೊಡಗಿದೆ. ಸಂಶಯ ಎನ್ನೋಣವೇ? ಎಮ್ಮೆಯ ಮೇಲೆ ಸಂಶಯ ಎಂದರೆ ಅದರ ನಡತೆಯ ಮೇಲೆ ಅಪವಾದ ಹೊರಿಸಿದಂತಾಗುತ್ತದೆ. ಗುಮಾನಿ ಎಂದರೆ ಪೊಲೀಸರು ಕಣ್ಣ ಮುಂದೆ ಬರುತ್ತಾರೆ. ಶಂಕೆ ಎಂದರೆ ನಮ್ಮೂರಿನಲ್ಲಿ ಜನ ತಂಬಿಗೆ ಹಿಡಿದು ಬಯಲ ಕಡೆ ನೋಡುತ್ತಾರೆ. ಅನುಮಾನ ಎನ್ನೋಣವೆಂದರೆ ನಮ್ಮ ಸಂಸ್ಕೃತದ ಪಂಡಿತರು, ಅನುಮಾನವೆಂದರೆ ಹೊಗೆ ನೋಡಿ ಬೆಂಕಿಯನ್ನು ತಿಳಿಯುವುದು ಕಣೋ ದಡ್ಡ ಎಂದು ಬೈದದ್ದು ನೆನಪಾಯಿತು. ಇಲ್ಲಿ ಹೊಗೆಯೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ.

‘ಗಬ್ಬ ಐತೋ ಇಲ್ಲೋ, ಅಷ್ಟ ಹೇಳ್ರಿ’ ಎಂದಳು ಅವಳು.

‘ಐತಿ ಅನ್ನಾಕೂ ಬರೂದಿಲ್ಲ, ಇಲ್ಲ ಅನ್ನಾಕೂ ಬರೂದಿಲ್ಲ ಅಂತ.’

‘ಅಷ್ಟ ಹೇಳಾಕ ಇಂಗ್ಲಿಷ್ ಯಾಕ ಬೇಕಿತ್ರಿ? ಅದನ್ನ ಕೈ ಹಾಕಲಾರದನ ನಾನೂ ಹೇಳ್ತಿದ್ದೆ.’

ಇಂಥ ಮಾತಿಗೆ ಉತ್ತರ ಕೊಡಲಾರದವನು ಪಾಂಡಿತ್ಯದ ಮೊರೆ ಹೋಗುತ್ತಾನೆ. ನಾನೂ ಹೋದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಈ ಶಬ್ದ ಮೂಲದಲ್ಲಿ ಇಂಗ್ಲಿಷರದೇ ಅಲ್ಲ, ಫ್ರೆಂಚರಿಂದ ಬಂದದ್ದು, ಫ್ರೆಂಚರಿಗೆ ಲ್ಯಾಟಿನ್ನಿನಿಂದ ಬಂದದ್ದು, ಲ್ಯಾಟಿನ್ನಿನಲ್ಲಿ ಅದರ ಬೇರು ‘ಎರಡು’ ಎಂಬ ಶಬ್ದದಲ್ಲಿದೆ, ಮನಸ್ಸು ಎರಡಾಗಿ ಒಡೆದು ನಿಂತರೆ ಅದೇ ಡೌಟು ಎಂದು ವಿವರಿಸಿದೆ. ಅದಕ್ಕೂ ಮೊದಲು ಇಂಗ್ಲಿಷರ ಹತ್ತಿರ ಬೇರೊಂದು ಶಬ್ದವಿತ್ತು, ಅದೂ ಎರಡರಿಂದಲೇ ಹುಟ್ಟಿದ್ದು ಎಂದೆ. ಪಾರವ್ವ ರೊಟ್ಟಿ ತಿರುವಿ ಹಾಕಿದಳು.

‘ಲ್ಯಾಟಿನ್ ಅಂದ್ರ ಯಾವ್ ಕಡೇದ್ರಿ?’

‘ಇಟಲಿ. ರೋಮ್ ಅಂತ ಐತಲ್ಲ, ಆ ಕಡೇದು.’

‘ಅಲ್ಲಿ ಎಮ್ಮಿ ಅದಾವೇನು?’

‘ಅದಾವಂತ. ಅದರ ಹಾಲಿಂದ ಏನೋ ಗಿಣ್ಣದಂಗ ಮಾಡ್ತಾರಂತ.’

‘ಹಂಗಾರ ಮತ್ತೇನ್ರೀ? ಅಲ್ಲೂ ಯಾವನೋ ಡಾಕ್ಟರ ಎಮ್ಮಿಗೆ ಕೈ ಹಾಕಿ ನೋಡ್ಯಾನ, ಏನೂ ತಿಳೀಲಾರದಕ್ಕ ಈ ಶಬ್ದ ಹುಟ್ಟಿಸ್ಯಾನ.’

ಭಾಷಾಶಾಸ್ತ್ರದಲ್ಲಿ ಇದಕ್ಕಿಂತ ದುರ್ಬಲವಾದ ವಾದಗಳು ಅಚ್ಚಾಗಿವೆ. 

ವಾದ ಬಿಟ್ಟರೂ ಪ್ರವಾಸದ ಆಸೆ ಬಿಡಬೇಕಲ್ಲ. ಬುಧವಾರದೊಳಗೆ ಸೀಟು ಹೇಳಬೇಕಿತ್ತು. ಅತ್ತ ದನದ ದಲಾಲ ಫಕ್ಕೀರಪ್ಪ ಮಂಗಳವಾರದ ಸಂತೆಗೆ ಗಾಡಿ ಮಾಡಿದ್ದ. ‘ಡೌಟ್‌ಫುಲ್ ಅಂದ್ರ ಇಲ್ಲ ಅಂತನ ತಿಳ್ಕೋಬೇಕು. ಡಾಕ್ಟರ್ ಮರ್ಯಾದಿಗೆ ಹಂಗ ಬರದಿರ್ತಾರ’ ಎಂದು ನಾನು ಮೆಲ್ಲಗೆ ರಾಗ ತೆಗೆದೆ. ಮೂವತ್ತೆರಡು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಸ್ವಾರ್ಥದ ಭಾಷಾಂತರ ಅದು.  ಪಾರವ್ವ ಸೆರಗಿಗೆ ಕೈ ಒರೆಸಿಕೊಂಡು, ‘ನನಗ ಮಂಗಳವಾರದ ಮಟ ಟೈಮ್ ಕೊಡ್ರಿ. ನಮ್ಮವ್ವ ಮಾಡ್ತಿದ್ದ ಪರೀಕ್ಷಾ ಒಂದೈತಿ. ಅದರಾಗ ಇಲ್ಲ ಅಂತ ಬಂದ್ರ ನಾನ ಹಗ್ಗ ಬಿಚ್ಚಿ ಕೊಡ್ತೇನಿ’ ಎಂದಳು.

ಸಂಶಿಯ ಕಡೆ ಕರಿಮಣ್ಣಿನ ಹೊಲ, ಹೆಸರುಕಾಳು ಬೆಳೆಯುವ ಸೀಮೆ. ಅಲ್ಲಿಯ ಹೆಂಗಸರಿಗೆ ಹೆಸರುಕಾಳೇ ಡಾಕ್ಟರು. ಎಮ್ಮೆ ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೂತ್ರ ಹಿಡಿಯಬೇಕು. ಒಂದು ಚಿಪ್ಪು ಮೂತ್ರಕ್ಕೆ ಒಂದು ದೊಡ್ಡ ತಂಬಿಗೆ ನೀರು ಬೆರೆಸಬೇಕು. ಒಂದು ಬಟ್ಟಲಿನ ಹೆಸರುಕಾಳಿಗೆ ಅದನ್ನು ಹಾಕಬೇಕು, ಇನ್ನೊಂದು ಬಟ್ಟಲಿಗೆ ಬರೀ ನೀರು. ಎರಡಕ್ಕೂ ಬಟ್ಟೆ ಕಟ್ಟಿ ಮೂರನೆಯ ದಿನ ಬೆಳಿಗ್ಗೆ ಬಿಚ್ಚಬೇಕು. ಎಮ್ಮೆ ಗಬ್ಬ ಇದ್ದರೆ ಅದರ ಮೂತ್ರದಲ್ಲಿ ನೆನೆದ ಕಾಳು ಮೊಳಕೆ ಒಡೆಯುವುದಿಲ್ಲ. ಗಬ್ಬ ಇಲ್ಲದಿದ್ದರೆ ಎರಡೂ ಬಟ್ಟಲಲ್ಲಿ ಮೊಳಕೆ. ಇಷ್ಟೇ ಪರೀಕ್ಷೆ. ಮೇಲ್ವಿಚಾರಕರಿಲ್ಲ, ನಕಲು ಇಲ್ಲ.

ರವಿವಾರ ನಸುಕಿನಲ್ಲೇ ಪಾರವ್ವ ತಂಬಿಗೆ ಹಿಡಿದು ನಿಂಗಿಯ ಹಿಂದೆ ಅರ್ಧ ತಾಸು ಕಾದು ಕೂತಳು. ಕೆಲಸ ಆದ ಮೇಲೆ ಎರಡೂ ಸ್ಟೀಲ್ ಬಟ್ಟಲುಗಳನ್ನು ತಂದು ಪಡಸಾಲೆಯ ಗೂಡಿನಲ್ಲಿಟ್ಟಳು. ‘ಬಲಕ್ಕಿರೂದು ಎಮ್ಮೀದು, ಎಡಕ್ಕಿರೂದು ನೀರಿಂದು. ಮುಟ್ಟಬ್ಯಾಡ್ರಿ.’ ನನಗೆ ನಗು ಬಂತು. ಬಲಕ್ಕೆ, ಎಡಕ್ಕೆ! ಇದೇನು ವಿಜ್ಞಾನವೇ? ಅವಳು ಆ ಕಡೆ ಹೋದ ಕೂಡಲೇ ಎರಡು ಚೀಟಿ ಹರಿದು, ಒಂದರ ಮೇಲೆ ‘ಎ’, ಇನ್ನೊಂದರ ಮೇಲೆ ‘ಬಿ’ ಎಂದು ಬರೆದು, ಅನ್ನದ ಅಗುಳು ಹಚ್ಚಿ ಬಟ್ಟಲಿಗೆ ಅಂಟಿಸಿದೆ. ಪರೀಕ್ಷೆ ಎಂದಮೇಲೆ ನೋಂದಣಿ ಸಂಖ್ಯೆ ಬೇಡವೇ?

ಗ್ರಹಚಾರ ನೋಡಿ. ಆ ಗೂಡಿನಲ್ಲಿ, ಬಟ್ಟಲುಗಳ ಹಿಂದೆ, ನನ್ನ ದೊಡ್ಡ ಇಂಗ್ಲಿಷ್ ಡಿಕ್ಷನರಿ ಇತ್ತು. ಹೆಂಡತಿಯ ಎದುರು ಬಡಾಯಿ ಕೊಚ್ಚಿದ ಆ ‘ಎರಡು’ ಎಂಬ ಬೇರು ನಿಜವೇ ಅಲ್ಲವೇ ಎಂದು ಮಧ್ಯಾಹ್ನ ನನಗೇ ಡೌಟು ಬಂತು. ಡಿಕ್ಷನರಿ ತೆಗೆಯಲು ಎರಡೂ ಬಟ್ಟಲನ್ನು ನೆಲಕ್ಕಿಟ್ಟೆ, ಕುರ್ಚಿಯಲ್ಲಿ ಕೂತು ಓದತೊಡಗಿದೆ. ‘ಎರಡು’ ನಿಜವಾಗಿಯೂ ಅಲ್ಲಿತ್ತು. ಡೌಟ್ ಶಬ್ದದೊಳಗೆ ಬಾಯಿ ಬಿಡದೆ ಕೂತಿರುವ ‘ಬಿ’ ಅಕ್ಷರದ ಕತೆಯೂ ಇತ್ತು. ಪ್ರತಿ ವರ್ಷ ಯಾರಾದರೊಬ್ಬ ಹುಡುಗಿ ‘ಸರ, ಇಲ್ಲಿ ಬಿ ಯಾಕ್ರಿ?’ ಎಂದು ಕೇಳುತ್ತಿದ್ದಳು, ನಾನು ‘ಮುಂದಿನ ಪಾಠ’ ಎನ್ನುತ್ತಿದ್ದೆ. ಫ್ರೆಂಚರಿಂದ ಬರುವಾಗ ಅದು ಇರಲೇ ಇಲ್ಲವಂತೆ. ಆಮೇಲಿನ ಪಂಡಿತರು, ನಮ್ಮದು ಲ್ಯಾಟಿನ್ ಮನೆತನ ಎಂದು ತೋರಿಸಲು ತಂದು ಸೇರಿಸಿದರಂತೆ. ಪಡಸಾಲೆಯಲ್ಲಿ ಮುತ್ತಜ್ಜನ ಫೋಟೋ ತೂಗುಹಾಕಿದ ಹಾಗೆ. ಅವನು ಮಾತಾಡುವುದಿಲ್ಲ, ಇಳಿಸುವುದಕ್ಕೂ ಮನಸ್ಸು ಬರುವುದಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಹಿಂದಿನ ಕಾಲದಲ್ಲಿ ಈ ಶಬ್ದಕ್ಕೆ ‘ಹೆದರುವುದು’ ಎಂಬ ಅರ್ಥವೂ ಇತ್ತು. ಇದು ನನಗೆ ಗೊತ್ತೇ ಇರಲಿಲ್ಲ. ಸಂಶಯಕ್ಕೂ ಹೆದರಿಕೆಗೂ ಏನು ಸಂಬಂಧ ಎಂದು ಯೋಚಿಸುತ್ತ ಎದ್ದು, ಕಾಲಿನಿಂದ ಒಂದು ಬಟ್ಟಲನ್ನು ಎಡವಿದೆ. ಕಾಳು ಚೆಲ್ಲಲಿಲ್ಲ, ಪುಣ್ಯ. ಆದರೆ ಬಟ್ಟೆಯಿಂದ ತೊಟ್ಟಿಕ್ಕಿದ ನೀರಿಗೆ ಎರಡೂ ಚೀಟಿ ಕಳಚಿ ನೆಲದ ಮೇಲೆ ಬಿದ್ದಿದ್ದವು. ‘ಎ’ ಮೇಲೆ ಮುಖ ಮಾಡಿ, ‘ಬಿ’ ಕೆಳಗೆ ಮುಖ ಮಾಡಿ.

ಯಾವುದು ಬಲಕ್ಕಿತ್ತು? ಯಾವುದು ಎಡಕ್ಕಿತ್ತು? ಎರಡೂ ಒಂದೇ ಅಂಗಡಿಯ ಬಟ್ಟಲು, ಎರಡಕ್ಕೂ ಒಂದೇ ಹಳೆಯ ಧೋತರದ ತುಂಡು. ಮೂಸಿ ನೋಡಬಹುದಿತ್ತು, ಆದರೆ ನನಗೆ ನಾಲ್ಕು ದಿನದಿಂದ ನೆಗಡಿ, ಮೂಗು ಹೆಸರಿಗೆ ಮಾತ್ರ ಇತ್ತು. ಹೆದರಿಕೆಯಲ್ಲಿ ಕೈಗೆ ಸಿಕ್ಕ ಹಾಗೆ ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಇಟ್ಟೆ. ಚೀಟಿಗಳನ್ನು ಜೇಬಿಗೆ ಹಾಕಿಕೊಂಡೆ. ಡೌಟು ಎಂಬ ಶಬ್ದದ ಅರ್ಥ ಹುಡುಕಲು ಹೋಗಿ ಡೌಟನ್ನೇ ಹೆತ್ತು ಎದ್ದವನು ಇಡೀ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬೈಸಿಕೊಳ್ಳುವ ಅಂಜಿಕೆ ಒಂದು, ಪ್ರವಾಸದ ಆಸೆ ಇನ್ನೊಂದು. ಸೋಮವಾರ ಸಂಜೆ ದನದ ಮನೆಯ ಕಡೆ ಹೋದಾಗ ಪಾರವ್ವ ನಿಂಗಿಯ ಕೊರಳು ತುರಿಸುತ್ತ ನಿಂತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ‘ನಾಳಿಗೆ ಮುಖ ಉಳಸಬೇ ನನ್ನವ್ವ. ನೀ ಹೋದ್ರ ನನಗ ತವರಿಂದು ಅಂತ ಏನ್ ಉಳೀತು’ ಎನ್ನುತ್ತಿದ್ದಳು. ನಿಂಗಿ ಕಿವಿ ಅಲ್ಲಾಡಿಸಿತು. ಡಿಕ್ಷನರಿಯ ಸಣ್ಣ ಅಕ್ಷರದ ಸಾಲು ನನಗೆ ಅಲ್ಲಿ ಅರ್ಥವಾಯಿತು. ಶನಿವಾರದಿಂದ ಅವಳು ಕೇಳುತ್ತಿದ್ದುದು ಸಂಶಯದ ಅರ್ಥವಲ್ಲ, ಅವಳಿಗೆ ಹೆದರಿಕೆಯಾಗಿತ್ತು. ನಾನು ಅದಕ್ಕೆ ಲ್ಯಾಟಿನ್ ಹೇಳಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ, ನೋಡಿ ನನ್ನ ಯೋಗ್ಯತೆ, ಆಗಲೂ ಹೇಳದೆ ತಿರುಗಿ ಬಂದೆ.

ಮಂಗಳವಾರ ಬೆಳಿಗ್ಗೆ ಫಕ್ಕೀರಪ್ಪ ಗಾಡಿ ನಿಲ್ಲಿಸಿ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತ. ಪಾರವ್ವ ಮಿಂದು, ಹಣೆಗೆ ವಿಭೂತಿ ಹಚ್ಚಿ, ಬಟ್ಟಲುಗಳನ್ನು ಅವನ ಎದುರಿಗೇ ತಂದಿಟ್ಟಳು. ಮೊದಲು ಬಲಗಡೆಯದರ ಬಟ್ಟೆ ಬಿಚ್ಚಿದಳು. ಒಳಗೆ ಅಂಗುಲದುದ್ದ ಬಿಳಿ ಮೊಳಕೆ, ಮದುವೆಮನೆಯ ಕೋಸಂಬರಿಗೆ ಹೇಳಿಮಾಡಿಸಿದಂತೆ ತುಂಬಿ ನಿಂತಿತ್ತು.  ಫಕ್ಕೀರಪ್ಪ ಬಗ್ಗಿ ನೋಡಿ, ‘ಇದ ಎಮ್ಮೀದಲ್ರೀ ಅಕ್ಕಾರ? ಹಂಗಾರ ಗಬ್ಬ ಇಲ್ಲಂತಾತು’ ಎಂದ. ಪಾರವ್ವ ‘ಹೌದ್ರಿ’ ಎಂದಳು. ಎರಡನೆಯ ಬಟ್ಟಲನ್ನು ಬಿಚ್ಚುವ ಮನಸ್ಸೂ ಅವಳಿಗಿರಲಿಲ್ಲ. ಎದ್ದು ದನದ ಮನೆಯ ಕಡೆ ನಡೆದಳು, ಹಗ್ಗ ಬಿಚ್ಚಲು. ಹೇಳಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು.

ನನ್ನ ಮುಂದೆ ಪ್ರವಾಸದ ಬಸ್ಸು ಬಾಗಿಲು ತೆರೆದು ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅವಳ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ‘ಪಾರವ್ವಾ, ನಿಲ್ಲು!’ ಎಂದು ಕೂಗಿದೆ. ಫಕ್ಕೀರಪ್ಪನ ಕೈಯ ಚಹಾ ಚೆಲ್ಲಿತು. ಜೇಬಿನಿಂದ ಎರಡೂ ಚೀಟಿ ತೆಗೆದು, ಡಿಕ್ಷನರಿ, ನೆಗಡಿ, ಎಡವಿದ್ದು, ಎಲ್ಲ ಹೇಳಿದೆ. ‘ಬಟ್ಟಲ ಅದಲಿಬದಲಿ ಆಗಿರಬಹುದು, ಆಗಲಾರದನೂ ಇರಬಹುದು. ಈ ಪರೀಕ್ಷಾನ ರದ್ದು. ಎಮ್ಮಿ ಕೊಡೂದು ಬ್ಯಾಡ, ಡಾಕ್ಟರ್ ಹೇಳಿದಂಗ ಒಂದ್ ತಿಂಗಳ ಕಾಯೂಣು’ ಎಂದೆ. ಪ್ರವಾಸದ ಬಸ್ಸು ಹೊರಟುಹೋದ ಸದ್ದು ನನಗೊಬ್ಬನಿಗೇ ಕೇಳಿಸಿತು.

ಪಾರವ್ವ ಒಂದು ಗಳಿಗೆ ನನ್ನನ್ನೇ ನೋಡಿದಳು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ದಡಬಡ ಬಂದು ಎಡಗಡೆಯ ಬಟ್ಟಲಿನ ಬಟ್ಟೆ ಕಿತ್ತಳು. ಕಾಳು ಉಬ್ಬಿ, ಕಪ್ಪಗಾಗಿ, ಒಂದಾದರೂ ಬಾಯಿ ಬಿಟ್ಟಿರಲಿಲ್ಲ. ಮೂಗಿನ ಹತ್ತಿರ ಹಿಡಿದು ನೋಡಿದಳು, ಮುಖ ಕಿವುಚಿದಳು, ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅಥವಾ ನೀರು ಮೊದಲೇ ಬಂದಿತ್ತೋ ಏನೋ.

‘ರದ್ದ್ ಯಾಕ್ರೀ? ಬರೇ ನೀರಾಗ ನೆನೆದ ಹೆಸರು ಮೊಳಕಿ ಒಡೀಲಾರದ ಬಿಡ್ತೈತೇನು? ನಮ್ಮ ತವರಿನ ಹೆಸರು ಕಲ್ಲಿನ ಮ್ಯಾಲ ಇಟ್ರೂ ಒಡೀತೈತಿ. ಒಡೀಲಾರದ್ದು ಯಾವ ಬಟ್ಟಲೋ, ಅದ ಎಮ್ಮೀದು. ಬಲಕ್ಕರ ಇರವೊಲ್ದ್ಯಾಕ, ಎಡಕ್ಕರ ಇರವೊಲ್ದ್ಯಾಕ!’

ನಾನು ಲೆಕ್ಕ ಹಾಕಿ ನೋಡಿದೆ. ಹೌದು. ಬಟ್ಟಲು ಎಷ್ಟು ಸಲ ಅದಲುಬದಲಾದರೂ ಉತ್ತರ ಒಂದೇ. ಎರಡು ದಿನ ಅನ್ನ ನುಂಗದೆ, ಹೊರಳಾಡಿ, ಜೇಬಿನಲ್ಲಿ ಒದ್ದೆ ಚೀಟಿ ಇಟ್ಟುಕೊಂಡು ತಿರುಗಿದ ನನಗೆ ಇದು ಹೊಳೆದಿರಲಿಲ್ಲ. ನನ್ನ ‘ಎ’ ಮತ್ತು ‘ಬಿ’ ಆ ಪರೀಕ್ಷೆಗೆ ಬೇಕೇ ಇರಲಿಲ್ಲ. ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಂತಾಗಿ ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಫಕ್ಕೀರಪ್ಪ ಹೆಗಲ ಮೇಲಿನ ಟವೆಲ್ ಕೊಡವಿ, ‘ಚಲೋ ಆತ್ರಿ ಮಾಸ್ತರ್ರ. ಗಬ್ಬದ ಎಮ್ಮಿ ಬಿಚ್ಚಿಸಿಕೊಂಡು ಹೋಗಿದ್ರ ಅಕ್ಕಾರ ಕಣ್ಣೀರು ನನಗ ತಟ್ತಿತ್ತು. ಇನ್ನೊಂದ್ ಕಪ್ ಚಾ ಹಾಕಸ್ರಿ, ಮೊದಲಿಂದು ಚೆಲ್ಲಿಸಿದ್ರಿ’ ಎಂದ.

ಮುಂದೆ ಒಂದು ತಿಂಗಳಿಗೆ ಡಾಕ್ಟರ್ ಬಂದು, ಮತ್ತೆ ಆಕಾಶ ನೋಡಿ, ಈ ಸಲ ಕೈ ಹೊರಗೆ ತೆಗೆಯುವ ಮೊದಲೇ ‘ಐತ್ರೀ ಅಕ್ಕಾರ!’ ಎಂದು ಕೂಗಿದರು. ಕಾರ್ಡಿನ ಮೇಲಿನ ಶಬ್ದವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ನಿಂಗಿ ಹೆಣ್ಣುಗರು ಹಾಕಿತು, ಓಣಿಗೆಲ್ಲ ಗಿಣ್ಣ ಹಂಚಿದೆವು, ಸಂಶಿಗೂ ಒಂದು ಡಬ್ಬಿ ಬಸ್ಸಿನಲ್ಲಿ ಹೋಯಿತು. ಪ್ರವಾಸಕ್ಕೆ ಹೋದ ಮಾಸ್ತರರು ಮರಳಿ ಬಂದರು, ಹದಿನೈದು ದಿನ ಒಂದೇ ಬಸ್ಸಿನಲ್ಲಿ ಕೂತು ಒಬ್ಬರಿಗೊಬ್ಬರು ಪಾಠ ಹೇಳಿ ಈಗ ಅವರಲ್ಲಿ ಅರ್ಧ ಜನ ಮಾತು ಬಿಟ್ಟಿದ್ದಾರೆ. ಅದನ್ನು ಕೇಳಿದಾಗಲೆಲ್ಲ ನಾನು ನಿಂಗಿಗೆ ಒಂದು ಹಿಡಿ ಹೆಚ್ಚಿಗೆ ಮೇವು ಹಾಕುತ್ತೇನೆ.

ಆದರೆ ಆ ಮಂಗಳವಾರದ ಮಧ್ಯಾಹ್ನದ ಊಟದ ಸಂಗತಿ ಹೇಳದಿದ್ದರೆ ಈ ನಿವೇದನೆ ಪೂರ್ತಿಯಾಗುವುದಿಲ್ಲ. ಎರಡು ದಿನದ ಹಸಿವು ಒಮ್ಮೆಲೇ ಕೆರಳಿ ನಾನು ತಾಟಿನ ಮುಂದೆ ಕೂತೆ. ಪಾರವ್ವ ಬಿಸಿ ರೊಟ್ಟಿ ಹಾಕಿ, ಅದರ ಬಾಜು ಮೊಳಕೆಗಾಳಿನ ಪಲ್ಯ ಬಡಿಸಿದಳು. ನಮ್ಮ ಮನೆಯಲ್ಲಿ ಕಾಳು ಚೆಲ್ಲುವ ಪದ್ಧತಿ ಇಲ್ಲ. ನೀರಿನ ಬಟ್ಟಲಿನದು ಪಲ್ಯವಾಗುವುದು ಸಹಜವೇ. ರೊಟ್ಟಿ ಮುರಿದು ಪಲ್ಯ ಎತ್ತಿದೆ. ಉದ್ದುದ್ದ ಮೊಳಕೆಗಳ ನಡುವೆ ನಾಲ್ಕಾರು ಕಾಳು ಮೊಳಕೆ ಒಡೆಯದೆ, ದುಂಡಗೆ ಉಬ್ಬಿ, ನನ್ನನ್ನೇ ನೋಡುತ್ತಿದ್ದವು. ಪ್ರತಿ ಬಟ್ಟಲಿನಲ್ಲೂ ಇಂಥ ಒಂದೆರಡು ಗಟ್ಟಿ ಕಾಳು ಇದ್ದೇ ಇರುತ್ತವೆ ಎಂದು ಬುದ್ಧಿ ಹೇಳಿತು. ಪಾರವ್ವ ಉಳಿತಾಯದ ಹೆಂಗಸು, ಎರಡೂ ಬಟ್ಟಲು ತೊಳೆದು ಒಂದೇ ಬೋಗುಣಿಗೆ ಸುರಿದಿದ್ದರೆ ಎಂದು ಹೊಟ್ಟೆ ಹೇಳಿತು. ಮೂಗು, ಎಂದಿನಂತೆ, ಏನೂ ಹೇಳಲಿಲ್ಲ. ತುತ್ತು ತಾಟಿಗೂ ಬಾಯಿಗೂ ನಡುವೆ ನಿಂತಿತು.

‘ಪಾರವ್ವ, ಇದು ಯಾವ ಬಟ್ಟಲದು?’

ಅವಳು ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

‘ಡೌಟ್‌ಫುಲ್ ಐತ್ರೀ’ ಎಂದಳು.

ಮೂವತ್ತೆರಡು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಆ ಶಬ್ದವನ್ನು ಇಷ್ಟು ಸರಿಯಾದ ಜಾಗದಲ್ಲಿ ಬಳಸಿರಲಿಲ್ಲ. ನಾನು ಕಣ್ಣು ಮುಚ್ಚಿ ತುತ್ತನ್ನು ಬಾಯಿಗಿಟ್ಟೆ.